ಹಡಗಿನಿಂದ ಇಳಿದ ಮೂಲಪುರುಷ

ಎದುರು ಸಾಲಿನಲ್ಲಿ ಹೊಸ ಬೇಕರಿ ತೆರೆದದ್ದನ್ನು ಈ ಸಾಲಿನ ಹಳೆಯ ಬೇಕರಿಯ ಯಜಮಾನರು ಹೇಗೋ ಸಹಿಸಿಕೊಂಡಿದ್ದರು. ಆದರೆ ಅಲ್ಲಿನ ಗೋಡೆಗೆ ಆ ಅಂಗಡಿಯವನು ತನ್ನ ತಾತನ ಭಾವಚಿತ್ರ ತೂಗುಹಾಕಿದಾಗ ಅವರ ಹೊಟ್ಟೆಯಲ್ಲಿ ಭಟ್ಟಿಯೇ ಹೊತ್ತಿಕೊಂಡಿತು.

"ಅವನಿಗೆ ಬರೀ ತಾತ! ನಮಗೆ ಮೂಲಪುರುಷ! ಹತ್ತೊಂಬತ್ತನೇ ಶತಮಾನದಲ್ಲೇ ಸಮುದ್ರ ದಾಟಿ ಬಂದು ಈ ಅಂಗಡಿ ಇಟ್ಟವರು!" ಎಂದು ಹಿಟ್ಟಿನ ಮುದ್ದೆಯನ್ನು ಹಲಗೆಗೆ ಅಪ್ಪಳಿಸಿದರು.

"ರೀ, ಗಿರಾಕಿಗಳು ಆ ಕಡೆ ಹೋಗ್ತಿರೋದು ತಾತನ ಮುಖ ನೋಡೋಕಲ್ಲ," ಎಂದಳು ಹೆಂಡತಿ. "ನಮ್ಮ ಬ್ರೆಡ್ಡು ಕಲ್ಲಾಗ್ತಿದೆ. ಹೀಗೇ ಆದ್ರೆ ಬಾಗಿಲು ಮುಚ್ಚೋದೇ. ಒಂದಿನ ನಾನು ನಾದ್ತೀನಿ, ಬಿಡಿ."

"ನೀನಾ? ಕೈಗುಣ ಅನ್ನೋದು ರಕ್ತದಲ್ಲಿ ಬರ್ಬೇಕು ಕಣೇ. ನೀನು ಬೇರೆ ಮನೆಯಿಂದ ಬಂದವಳು."

(ಹಿಂದಿನ ದಿನದ ಬ್ರೆಡ್ಡನ್ನು ಅವಳು ಆಗಲೇ ಅಲುಗಾಡುವ ಕಪಾಟಿನ ಕಾಲಿಗೆ ಒತ್ತಾಗಿ ಇಟ್ಟಿದ್ದಳು. ಎತ್ತಿ ಆಡುವ ಸ್ವಭಾವ ಅವಳದಲ್ಲ.)

ಯಜಮಾನರು ಮೂಲಪುರುಷರ ಚರಿತ್ರೆಯ ಸಂಶೋಧನೆಗೆ ಕಟಿಬದ್ಧರಾದರು. ಸ್ಮಶಾನಕ್ಕೆ ಹೋಗಿ ಕಲ್ಲುಗಳ ಪಾಚಿ ಕೆರೆದರು. ಬಂದರಿನ ಕಚೇರಿಯಲ್ಲಿ ಗುಮಾಸ್ತನ ತಲೆ ತಿಂದರು. ಹಳೆಯ ದಾಖಲೆಗಳ ಧೂಳಿಗೆ ಸೀನುತ್ತಾ ಅವನು ಹೇಳಿದ್ದು ಇಷ್ಟೇ: "ನಿಮ್ಮವರು ಹಡಗಿನ ಅಡುಗೆಮನೆಯಲ್ಲಿದ್ರು ಸಾರ್. ಹಡಗು ಮುಂದಿನ ಬಂದರಿಗೆ ಹೋಯ್ತು. ಇವರು ಇಲ್ಲೇ ಇಳಿದ್ರು. ಯಾಕೆ ಅಂತ ಗೊತ್ತಿಲ್ಲ."

ಆ ಕಾರಣ ಯಜಮಾನರಿಗೆ ಮೆಟ್ಟಿಲಿಳಿಯುವಷ್ಟರಲ್ಲಿ ಹೊಳೆದುಬಿಟ್ಟಿತು.

"ಅವರ ಬ್ರೆಡ್ಡಿನ ಪರಿಮಳಕ್ಕೆ ಊರಿಗೆ ಊರೇ ದಡಕ್ಕೆ ಓಡಿಬಂದು, 'ನಮ್ಮನ್ನ ಬಿಟ್ಟು ಹೋಗ್ಬೇಡಿ' ಅಂತ ಕಾಲಿಗೆ ಬಿದ್ದಿದೆ!" ಎಂದು ಅಂಗಡಿಗೆ ಬಂದವರೇ ಹೆಂಡತಿಗೆ ಸಾರಿದರು.

"ಅಂತ ಯಾರು ಹೇಳಿದ್ರು?"

"ಹೇಳೋದೇನು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ?"

"ಮೇಲೆ ಅತ್ತೆ ಇದ್ದಾರಲ್ಲ, ಅವರನ್ನ ಒಂದು ಮಾತು ಕೇಳಬಾರದಾ?"

ಅತ್ತೆಯೆಂದರೆ ಯಜಮಾನರ ಸೋದರತ್ತೆ. ಅಂಗಡಿಯ ಮೇಲಿನ ಕೋಣೆಯಲ್ಲಿ ದೇವರ ಧ್ಯಾನ ಮಾಡಿಕೊಂಡಿರುವ ಮುದುಕಿ. ಹಿತ್ತಲ ಗಿಡ ಮದ್ದಲ್ಲವಲ್ಲ! ಯಜಮಾನರು ಅವರನ್ನು ಏನೂ ಕೇಳಲಿಲ್ಲ. ಆ ಊರೇ ಕಾಲಿಗೆ ಬಿದ್ದ ಕಥೆಯನ್ನು ದೊಡ್ಡ ಫಲಕದಲ್ಲಿ ಬರೆಸಿ, ಪರದೆ ಸರಿಸುವ ಗೌರವವನ್ನು ಮಾತ್ರ ಅವರಿಗೆ ಕೊಟ್ಟರು.

ಭಾನುವಾರ ಬೀದಿಯ ಜನರೆಲ್ಲ ಸೇರಿದ್ದರು. ಅತ್ತೆ ಪರದೆ ಸರಿಸಿದರು, ಕನ್ನಡಕ ಹಾಕಿಕೊಂಡು ಫಲಕವನ್ನು ಪೂರ್ತಿ ಓದಿದರು, ಮತ್ತೆ ಪರದೆ ಎಳೆದುಬಿಟ್ಟರು.

"ಏನತ್ತೆ ಇದು?"

"ಸತ್ತವರ ಹೆಸರಲ್ಲಿ ಸುಳ್ಳು ಹೇಳಿದ್ರೆ ಭಗವಂತ ಮೆಚ್ಚಲ್ಲ ಕಣೋ. ಅವನು ತಾನಾಗಿ ಇಳಿದೋನಲ್ಲ, ಇಳಿಸಿದ್ದು. ಅವನ ಬ್ರೆಡ್ಡು ಕಚ್ಚಿ ಕ್ಯಾಪ್ಟನ್ನಿನ ಎರಡು ಹಲ್ಲು ಹೋಯ್ತು."

ಎದುರು ಬೇಕರಿಯವನು ಎಲ್ಲರಿಗಿಂತ ಮೊದಲು ನಕ್ಕ.

"ದಡದಲ್ಲಿ ಕೂತು ಅಳ್ತಿದ್ದ. ಅಲ್ಲೇ ಬನ್ನು ಮಾರ್ತಿದ್ದ ಹುಡುಗಿ ಪಾಪ ಅಂತ ಸೌದೆ ಒಡೆಯೋ ಕೆಲಸ ಕೊಟ್ಟಳು. ಆಮೇಲೆ ಮದುವೆನೂ ಆದಳು, ಇನ್ನು ಹಿಟ್ಟು ಮುಟ್ಟಲ್ಲ ಅಂತ ಅವನ ಕೈಲಿ ಆಣೆ ಹಾಕಿಸಿಕೊಂಡು. ಅಂಗಡಿ ಇಟ್ಟೋಳು ಅವಳು. ನಿಮ್ಮಪ್ಪನೂ ಆ ಆಣೆ ಮೀರಲಿಲ್ಲ. ನಿಮ್ಮಮ್ಮ ಹೋದಮೇಲೆ ನೀನೇ ನೋಡು, ಹಿಟ್ಟಿಗೆ ಕೈ ಹಾಕಿದ್ದು."

"ನೀವು ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಸ್ಮಶಾನದಲ್ಲಿರೋರನ್ನೆಲ್ಲ ಕೇಳಿ ಬಂದ್ಯಲ್ಲ. ಮಹಡಿ ಹತ್ತಿದ್ಯಾ?"

ಜನರು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗದೆ ನಿಂತಿದ್ದವಳು ಹೆಂಡತಿ ಒಬ್ಬಳೇ. "ರಕ್ತದಲ್ಲಿ ಬರುತ್ತೆ ಅಂತ ನೀವು ಹೇಳಿದ್ದು ನಿಜ ಕಣ್ರೀ," ಎಂದು ಮೆತ್ತಗೆ ಹೇಳಿ, ಅವರ ಸೊಂಟದಿಂದ ಏಪ್ರನ್ ಬಿಚ್ಚಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಯಜಮಾನರು ಗಲ್ಲಾದ ಹಿಂದೆ ಕೂತಿದ್ದರು. ಎದುರು ಬೇಕರಿಗೆ ಹೊರಟಿದ್ದ ಹಳೆಯ ಗಿರಾಕಿಯೊಬ್ಬರು ಬಾಗಿಲಲ್ಲಿ ತಲೆ ಹಾಕಿ, ಅನುಮಾನದಿಂದಲೇ ಕೇಳಿದರು:

"ಇವತ್ತಿನ ಬ್ರೆಡ್ಡು ಯಾರು ಮಾಡಿದ್ದು?"

ಯಜಮಾನರು ಎದ್ದು ನಿಂತರು. ವಂಶದ ಘನತೆಗೆ ತಕ್ಕಂತೆ ಎದೆ ಉಬ್ಬಿಸಿದರು.

"ನಮ್ಮ ಮನೆತನದ ಗಂಡಸು ಒಬ್ಬನೂ ಮುಟ್ಟಿಲ್ಲ ಸ್ವಾಮಿ! ತಲೆತಲಾಂತರದ ಸಂಪ್ರದಾಯ!"

"ಹಾಗಾದ್ರೆ ಎರಡು ಕೊಡಿ."