ರುದ್ರಪ್ಪ ಮೇಷ್ಟ್ರು ಬಿಟ್ಟುಹೋದ ಖಾಲಿ ಜಾಗ

ಬದುಕಿರುವವರ ಹೆಸರಿನ ಮೇಲೆ ಗೀಟು ಎಳೆಯುವುದು ನನ್ನ ಕೈಲಾಗದ ಕೆಲಸ. ಇದು ಅವ್ವ ಕಲಿಸಿದ್ದು. ದಬ್ಬೇಘಟ್ಟದ ನಮ್ಮ ಮನೆಯಲ್ಲಿ ಲಗ್ನಪತ್ರಿಕೆ ಹಂಚುವ ಪಟ್ಟಿ ಬರೆಯುವಾಗ ಯಾರಾದರೂ ಬೇಡವೆನಿಸಿದರೆ ಹೆಸರನ್ನು ರಬ್ಬರಿನಿಂದ ಅಳಿಸಿ ಜಾಗ ಖಾಲಿ ಬಿಡಬೇಕಿತ್ತು. ಗೀಟು ಹಾಕಿದರೆ ಆಯಸ್ಸಿಗೆ ಕೇಡಂತೆ. ಒಮ್ಮೆ ಮುನಿಸಿನಲ್ಲಿ ಚಿಕ್ಕಪ್ಪನ ಹೆಸರಿಗೆ ನಾನು ಗೀಟೆಳೆದಾಗ ಅವ್ವ ಹಾಳೆಯನ್ನೇ ಒಲೆಗೆ ಹಾಕಿ ಪಟ್ಟಿಯನ್ನು ಮೊದಲಿಂದ ಬರೆಸಿದ್ದಳು. ಈ ಸಂಸ್ಕಾರ ಯೂನಿಕ್ಸ್ ಕಂಪ್ಯೂಟರಿನ ಮುಂದೆ ನಡೆಯುವುದಿಲ್ಲವೆಂದು ನನಗೆ ಯಾರೂ ಹೇಳಿರಲಿಲ್ಲ.

ಆಗ ತೊಂಬತ್ತರ ದಶಕದ ಕೊನೆ. ತಿಪಟೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಲ್ಯಾಬು ನೋಡಿಕೊಳ್ಳುತ್ತಿದ್ದ ರುದ್ರಪ್ಪ ಮೇಷ್ಟ್ರು ನಿವೃತ್ತರಾಗಿ ಕಂದಿಕೆರೆಯ ತೋಟಕ್ಕೆ ಹೊರಟರು. ಬೀಗದ ಕೈ, ಕಾಲು ಮುರಿದ ಸ್ಟೂಲು ಮತ್ತು ಲ್ಯಾಬಿನ ಹೊಣೆ ನನ್ನ ಪಾಲಿಗೆ ಬಂದವು. ಲ್ಯಾಬಿನ ಯಂತ್ರಗಳಲ್ಲಿ ಒಂದರೊಳಗೆ ಎಲ್ಲ ವಿದ್ಯಾರ್ಥಿಗಳ ಇಂಟರ್ನಲ್ ಮಾರ್ಕ್ಸ್ ಇತ್ತು. ಪಾಸ್‌ವರ್ಡು ಎಲ್ಲರಿಗೂ ಉಂಟು. ಆದರೆ ಯಾರು ಯಾವ ಯಂತ್ರಕ್ಕೆ ಕಾಲಿಡಬಹುದು ಎಂಬುದನ್ನು ಬೇರೊಂದು ಯಂತ್ರದಲ್ಲಿರುವ ನೆಟ್‌ಗ್ರೂಪ್ ಎಂಬ ಪಟ್ಟಿ ತೀರ್ಮಾನಿಸುತ್ತದೆ. ಪಟ್ಟಿಯ ಪ್ರತಿ ನಮೂದಿನಲ್ಲೂ ಯಂತ್ರಕ್ಕೊಂದು, ಮನುಷ್ಯನಿಗೊಂದು, ಜಾಲದ ವಲಯಕ್ಕೊಂದು ಎಂದು ಮೂರು ಜಾಗ. ಮಾರ್ಕ್ಸ್ ಯಂತ್ರಕ್ಕೆ ಮೂವರಿಗಷ್ಟೇ ಪ್ರವೇಶ: ಪ್ರಿನ್ಸಿಪಾಲರು, ಆಫೀಸಿನ ಗಂಗಮ್ಮ ಮೇಡಂ, ರುದ್ರಪ್ಪ ಮೇಷ್ಟ್ರು. ಹೋದವರ ಹೆಸರು ತೆಗೆಯಬೇಕಲ್ಲ, ತೆಗೆದೆ. ಆ ಜಾಗದಲ್ಲಿ ಸಣ್ಣ ಅಡ್ಡಗೀಟು ಹಾಕಬಹುದೆಂದು ಎಲ್ಲೋ ಓದಿದ ನೆನಪಿತ್ತು. ಆದರೆ ತೋಟದಲ್ಲಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಮನುಷ್ಯನ ಜಾಗಕ್ಕೆ ಗೀಟೇ? ಗೌರವದಿಂದ ಖಾಲಿ ಬಿಟ್ಟೆ. ಆಮೇಲೆ ನಾನೇ ಒಳಗೆ ಹೋಗಿ ನೋಡಿದೆ, ಯಂತ್ರ ಮಾತಾಡದೆ ಬಿಟ್ಟುಕೊಂಡಿತು. ಅಧಿಕಾರವೆಂದರೆ ಹೀಗಿರಬೇಕು ಎಂದು ಬೀಗಿದೆ.

ತಿಂಗಳಾಗಿರಲಿಲ್ಲ, ಸಿವಿಲ್ ವಿಭಾಗದ ಹುಡುಗನೊಬ್ಬ ತನಗೆ ಬಂದ ಮಾರ್ಕ್ಸ್ ಕಡಿಮೆಯಾಯಿತೆಂದು ತಕರಾರು ತೆಗೆದ. ಇನ್ನೂ ಪ್ರಕಟವೇ ಆಗದ ಮಾರ್ಕ್ಸು ಅದು. ಪ್ರಿನ್ಸಿಪಾಲರು ನನ್ನನ್ನು ಕರೆಸಿ, ನೋಡಿದವರು ತಿದ್ದದೇ ಬಿಡುತ್ತಾರೆಯೇ, ಎಲ್ಲ ಮಕ್ಕಳ ವರ್ಷವೇ ಹಾಳಾಗುತ್ತದೆ ಎಂದರು. ವಿಶ್ವವಿದ್ಯಾಲಯಕ್ಕೆ ಮಾರ್ಕ್ಸ್ ಕಳಿಸಲು ಮೂರು ದಿನವಿತ್ತು. ತುಮಕೂರಿನಿಂದ ಯಾರನ್ನಾದರೂ ಕರೆಸಲೇ ಎಂದು ಅವರು ಕೇಳಿದಾಗ ನನಗೆ ರೋಷ ಬಂತು. "ಯಾರೂ ಬ್ಯಾಡಿ ಸಾರ್, ನಾನೇ ಸರಿ ಮಾಡ್ತೀನಿ" ಎಂದೆ.

ತಲೆದಿಂಬಿನ ದಪ್ಪದ ಕೈಪಿಡಿ ಹಿಡಿದು ಕೂತೆ. ಮಧ್ಯಾಹ್ನದ ರಾಗಿಮುದ್ದೆ ಆರಿ ಕಲ್ಲಾಯಿತು, ನಾನು ಏಳಲಿಲ್ಲ. ಎರಡನೆಯ ದಿನ ಆ ಸಾಲು ಸಿಕ್ಕಿತು: ಜಾಗ ಖಾಲಿ ಬಿಟ್ಟರೆ ಯಾರು ಬೇಕಾದರೂ ಬರಬಹುದು; ಗೀಟು ಹಾಕಿದರೆ ಆ ಜಾಗದಿಂದ ಯಾರೂ ಬರುವಂತಿಲ್ಲ. ಮೇಷ್ಟ್ರ ಆಯಸ್ಸು ಕಾಯಲು ಹೋಗಿ ಇಡೀ ಕಾಲೇಜನ್ನೇ ಒಳಗೆ ಕರೆದಿದ್ದೆ. ಅವ್ವನನ್ನೂ ಮೇಷ್ಟ್ರನ್ನೂ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹಲ್ಲು ಕಚ್ಚಿ ಗೀಟು ಒತ್ತಿದೆ. ಗಂಗಮ್ಮ ಮೇಡಂ ಹಳೆಯ ಕಾಗದದ ಪ್ರತಿ ತಂದು ಒಂದೊಂದೇ ಅಂಕಿ ತಾಳೆ ನೋಡಿದರು. ಪುಣ್ಯಕ್ಕೆ ಹುಡುಗರು ನೋಡಿದ್ದರಷ್ಟೆ, ತಿದ್ದಿರಲಿಲ್ಲ.

ಮೂರನೆಯ ದಿನ ಪ್ರಿನ್ಸಿಪಾಲರೂ ಗಂಗಮ್ಮ ಮೇಡಂ ಅವರೂ ನನ್ನ ಬೆನ್ನ ಹಿಂದೆ ನಿಂತರು. ಇನ್ನು ಇರುವೆಯೂ ನುಸುಳುವುದಿಲ್ಲ ಎಂದು ಹೇಳಿ, ಮಾರ್ಕ್ಸ್ ಪ್ರಿಂಟು ತೆಗೆಯಲು ನನ್ನ ಹೆಸರು, ಪಾಸ್‌ವರ್ಡು ಒತ್ತಿದೆ. ಪ್ರವೇಶವಿಲ್ಲ ಎಂದಿತು. ಮತ್ತೆ ಒತ್ತಿದೆ. ಅದೇ ಉತ್ತರ. ಆಗ ಹೊಳೆಯಿತು, ಪಟ್ಟಿಯಲ್ಲಿ ನನ್ನ ಹೆಸರು ಎಂದೂ ಇರಲೇ ಇಲ್ಲ. ಇಷ್ಟು ದಿನ ನಾನು ಅಧಿಕಾರವೆಂದುಕೊಂಡು ಓಡಾಡಿದ್ದೂ ಹುಡುಗರು ನುಸುಳಿದ ಅದೇ ಖಾಲಿ ಜಾಗದ ಗಂಡಿಯಲ್ಲಿ.

ಗಂಗಮ್ಮ ಮೇಡಂ ಮೆಲ್ಲಗೆ ಕುರ್ಚಿ ಎಳೆದು ಕೂತು ತಮ್ಮ ಹೆಸರು ಒತ್ತಿದರು. ಯಂತ್ರ ಬಾಗಿಲು ತೆಗೆಯಿತು. "ಬೇಲಿ ಬಲವಾಗೇ ಕಟ್ಟಿದೀರಿ ಕಣ್ರೀ ಸಾರ್, ನೀವೇ ಆಚೆ ಉಳ್ಕಂಡ್ರಿ ಅಷ್ಟೆ" ಎಂದರು. ಪ್ರಿಂಟರು ಕಿರುಗುಟ್ಟಿತು, ಮಾರ್ಕ್ಸ್ ಹೊತ್ತಿಗೆ ಸರಿಯಾಗಿ ಹೊರಟಿತು.

ಪಟ್ಟಿಗೆ ಹೊಸ ಹೆಸರು ಸೇರಬೇಕಾದರೆ ಇನ್ನು ಮುಂದೆ ಲಿಖಿತ ಅರ್ಜಿ ಬೇಕು ಎಂದು ಪ್ರಿನ್ಸಿಪಾಲರು ಅಂದೇ ನಿಯಮ ಮಾಡಿದರು. ಮೊದಲ ಅರ್ಜಿ ನನ್ನದೇ. ಅದನ್ನು ಪರಿಶೀಲಿಸಬೇಕಾದ ಲ್ಯಾಬ್ ಅಧಿಕಾರಿಯೂ ನಾನೇ. ಅರ್ಜಿದಾರನ ಹಿಂದಿನ ನಡತೆ ಗೊತ್ತಿದ್ದುದರಿಂದ ಒಂದು ವಾರ ಕಾಯಿಸಿದೆ.