ಊರೆಲ್ಲ ಹಂಚಿಹೋದ ಮೋಟಾರ್‌ಸೈಕಲ್

ನಮ್ಮ ತಾತನಿಗೆ ಒಂದು ಅಭ್ಯಾಸ. ಮನೆಗೆ ಯಾವ ಸಾಮಾನು ಬಂದರೂ ಉಗುರಿನಿಂದ ಎರಡು ಸಲ ಟಕ್ ಟಕ್ ಅಂತ ಬಡಿದು, ತಲೆ ಓರೆ ಮಾಡಿ ಸದ್ದು ಕೇಳಿ, ಆಮೇಲೆ ತೀರ್ಪು ಕೊಡ್ತಾರೆ: "ಅಸಲಿ" ಅಥವಾ "ನಕಲಿ". ಕುಕ್ಕರ್ರು, ಮೊಬೈಲು, ನನ್ನ ಡಿಗ್ರಿ ಸರ್ಟಿಫಿಕೇಟಿನ ಫ್ರೇಮು, ಯಾವುದಕ್ಕೂ ವಿನಾಯಿತಿ ಇಲ್ಲ. ಇಂಥವರ ಹಳೇ ಮೋಟಾರ್‌ಸೈಕಲ್ಲನ್ನು ಸರಿಮಾಡಲು ಅಪ್ಪ ಹೊರಟ ಮೇಲೆ ನಮ್ಮ ಮನೆಯಲ್ಲಿ ವಾರಕ್ಕೊಂದು ಪ್ರಸಂಗ ನಡೀತಾನೇ ಇದೆ.

ಗಾಡಿ ನಾನು ಹುಟ್ಟುವ ಮುಂಚೆಯೇ ಕೆಟ್ಟು ನಿಂತಿತ್ತು. ಅದನ್ನು ಮಾಡಿದ ಕಂಪನಿಯೂ ಮುಚ್ಚಿಹೋಗಿತ್ತು. ಕೇಳಿದವರಿಗೆಲ್ಲ ತಾತ ಒಂದೊಂದು ಭಾಗ ಬಿಚ್ಚಿ ಕೊಟ್ಟುಬಿಟ್ಟಿದ್ದರು. ಈಗ ಎಂಬತ್ತು ದಾಟಿದ ಮೇಲೆ ಅವರಿಗೆ ಒಂದೇ ಆಸೆ: ಅದೇ ಗಾಡಿಯಲ್ಲಿ ಅಪ್ಪನ ಹಿಂದೆ ಕೂತು ಕೆರೆ ಏರಿ ಮೇಲೆ ಒಂದು ರೌಂಡು. ಷರತ್ತೂ ಒಂದೇ. "ಒಂದು ಸಾಮಾನು ಬೇರೆ ಗಾಡೀದು ಇದ್ರೂ ನಾನು ಹತ್ತಲ್ಲ."

ಟ್ಯಾಂಕಿನ ಬಿಲ್ಲೆ

ಪೆಟ್ರೋಲ್ ಟ್ಯಾಂಕಿನ ಮೇಲಿನ ಕಂಪನಿ ಹೆಸರಿನ ಬಿಲ್ಲೆ ಎಲ್ಲೂ ಸಿಗಲಿಲ್ಲ. ಅಪ್ಪ ಬೆಂಗಳೂರಿನಿಂದ ಹೊಸದೊಂದು ತಂದರು. ಥಳಥಳ ಅಂತಿತ್ತು. ಹಳೇದರ ಹಾಗೆ ಕಾಣಲಿ ಅಂತ ಅದನ್ನು ಹದಿನೈದು ದಿನ ತಿಪ್ಪೆಯಲ್ಲಿ ಹೂತಿಟ್ಟರು. "ಯಾರಿಗೂ ಹೇಳ್ಬೇಡಮ್ಮಾ" ಅಂದರು. ಅವರು ಹೇಳದಿದ್ದರೂ ನಾನು ಯಾರ ಹತ್ತಿರವೂ ಏನೂ ಮಾತಾಡೋಳಲ್ಲ.

ಬಿಲ್ಲೆ ಚೆನ್ನಾಗಿ ಕಪ್ಪಾದ ಮೇಲೆ ತೊಳೆದು ತಂದುಕೊಟ್ಟರು. "ಅಪ್ಪಾ, ಅಟ್ಟದ ಮೇಲೆ ಸಿಕ್ತು ನೋಡು."

ತಾತ ಬಡಿದರು. ಕೇಳಿದರು. ಯಾವತ್ತೂ ಇಲ್ಲದ ಹಾಗೆ ಮೂಸಿಯೂ ನೋಡಿದರು.

"ಬಿಲ್ಲೆ ನಕಲಿ ಕಣ್ಲಾ," ಅಂದರು. "ತಿಪ್ಪೆ ಮಾತ್ರ ಅಸಲಿ. ನಮ್ಮದೇ."

ಸೀಟು

ಅಸಲಿ ಬಿಲ್ಲೆ ಕೊನೆಗೆ ಅಜ್ಜಿಯ ಟ್ರಂಕಿನ ತಳದಲ್ಲಿ ಸಿಕ್ಕಿತು. ಸೀಟು ಎಲ್ಲಿದೆ ಅಂತ ಮಾತ್ರ ಊರಿಗೇ ಗೊತ್ತಿತ್ತು. ಹಾಲಿನ ಡೈರಿಯ ಸೆಕ್ರೆಟರಿ ಅದನ್ನು ಕಬ್ಬಿಣದ ಸ್ಟೂಲಿಗೆ ಬೋಲ್ಟ್ ಹಾಕಿ ಕೂರಿಸಿಕೊಂಡು, ಅದರ ಮೇಲೇ ಕೂತು ವರ್ಷಾನುಗಟ್ಟಲೆ ಹಾಲು ಅಳೆದಿದ್ದರು.

"ನಾನು ಕೇಳಿದ್ರೆ ಜಗಳ ಆಗ್ತದೆ," ಅಂದರು ಅಪ್ಪ. "ನೀನು ಹೋಗಿ ಸುಮ್ನೆ ನಿಂತ್ಕೋ. ಮಾತಾಡದೆ ನಿಂತಿರೋ ಹೆಣ್ಮಗೂಗೆ ಯಾರೂ ಇಲ್ಲ ಅನ್ನಲ್ಲ."

ಹೋಗಿ ನಿಂತೆ. ಎಲ್ಲರ ಹಾಲೂ ಮುಗಿಯಿತು.

"ಏನಮ್ಮಾ, ಕ್ಯಾನು ಮರ್ತು ಬಂದ್ಯಾ?"

"ಇಲ್ಲ ಅಂಕಲ್... ಸೀಟು."

"ಅಯ್ಯೋ, ಕಾಲು ನೋಯ್ತದಾ? ಕೂತ್ಕೊಳಮ್ಮಾ!" ಅಂತ ಎದ್ದು ಜಾಗ ಕೊಟ್ಟರು. ಬೇರೆ ದಾರಿ ಕಾಣದೆ ಕೂತೆ. ಕಾಫಿಯನ್ನೂ ತರಿಸಿದರು. ಅರ್ಧ ಗಂಟೆ ಕೂತಿದ್ದು ಬರಿಗೈಲಿ ಬಂದೆ.

ವಿಷಯ ಆಮೇಲೆ ತಿಳಿದು, ಮಾರನೇ ದಿನ ಅವರೇ ಸೀಟು ಬಿಚ್ಚಿ ತಂದುಕೊಟ್ಟರು. ಗಾಡಿಗೆ ಹಾಕಿದ ಮೇಲೆ ತಾತ ಪರೀಕ್ಷೆಗೆ ಅಂತ ಏರಿ ಕೂತು, ಆ ಕಡೆ ಈ ಕಡೆ ಜರುಗಿ, ಮುಖ ಸಿಂಡರಿಸಿದರು.

"ಸೀಟು ಅಸಲಿ. ಅದರಲ್ಲಿ ಬಿದ್ದಿರೋ ಗುಂಡಿ ನಂದಲ್ಲ."

ಹಾರ್ನು

ಹಾರ್ನು ಪಕ್ಕದ ದ್ರಾಕ್ಷಿ ತೋಟದಲ್ಲಿತ್ತು. ತೋಟದವರು ಅದಕ್ಕೊಂದು ಬ್ಯಾಟರಿ ಸಿಕ್ಕಿಸಿ, ಹಣ್ಣಿನ ಕಾಲದಲ್ಲಿ ಬಾರಿಸಿ ಗಿಣಿ ಓಡಿಸುತ್ತಿದ್ದರು. ಅಪ್ಪ ಬಾಯಿ ಬಿಡುವ ಮುಂಚೆಯೇ, "ತಗೊಂಡೋಗಪ್ಪಾ, ಇವತ್ತೇ ತಗೊಂಡೋಗು" ಅಂದರು. ಅಷ್ಟು ಸಲೀಸಾಗಿ ಕೊಟ್ಟಾಗಲೇ ನಮಗೆ ಅನುಮಾನ ಬರಬೇಕಿತ್ತು.

ಗಾಡಿಗೆ ಹಾಕಿ ಅಪ್ಪ ಒತ್ತಿದರು. ಪೋಂ! ಐದು ನಿಮಿಷದಲ್ಲಿ ನಮ್ಮ ಸೀಬೆ ಮರದ ತುಂಬಾ ಗಿಣಿ. ಇಷ್ಟು ವರ್ಷದಲ್ಲಿ ಅವಕ್ಕೆ ಒಂದು ವಿಷಯ ಅರ್ಥವಾಗಿತ್ತು: ಹಾರ್ನ್ ಆಯ್ತು ಅಂದರೆ ಎಲ್ಲೋ ಹಣ್ಣಾಗಿದೆ.

ಅಪ್ಪ ತೋಟದವರಿಗೆ ಫೋನ್ ಮಾಡಿದರು. "ಏನಣ್ಣಾ ಇದು, ಕರ್ದಂಗೆ ಬರ್ತಾವಲ್ಲ?"

"ಅದಕ್ಕೇ ಕೊಟ್ಟಿದ್ದು ಕಣಪ್ಪಾ," ಅಂದರು ಅವರು. "ನಾನೀಗ ಸೈರನ್ ಹಾಕಿದ್ದೀನಿ. ಅದಿನ್ನೂ ಅವಕ್ಕೆ ಅರ್ಥ ಆಗಿಲ್ಲ."

ಹೆಡ್‌ಲೈಟು

ಇನ್ನು ಉಳಿದದ್ದು ಹೆಡ್‌ಲೈಟು. ಅದು ಇದ್ದದ್ದು ಊರಮ್ಮನ ಗುಡಿಯಲ್ಲಿ, ಅಮ್ಮನ ನೆತ್ತಿಯ ಮೇಲೆ. ಹಿಂದೆ ಗುಡಿಯಲ್ಲಿ ಬೆಳಕು ಸಾಲದು ಅಂತ ತಾತನೇ ಬಿಚ್ಚಿ ಹಾಕಿಸಿದ್ದರು.

"ನೀವೇ ಕೊಟ್ಟಿದ್ದಲ್ವಾ ಯಜಮಾನ್ರೇ?" ಅಂದರು ಪೂಜಾರಪ್ಪ.

"ಕೊಟ್ಟಾಗ ಗಾಡಿ ಕೆಟ್ಟಿತ್ತು," ಅಂದರು ತಾತ.

"ಹಂಗಾದ್ರೆ ನಾನು ಯಾರು ಹೇಳಕ್ಕೆ? ಅಮ್ಮನ್ನೇ ಕೇಳಿ." ಪೂಜಾರಪ್ಪ ಎರಡು ಹೂವನ್ನು ನೀರಲ್ಲಿ ಅದ್ದಿ ಅಮ್ಮನ ಎರಡು ಭುಜಕ್ಕೂ ಅಂಟಿಸಿದರು. ಬಲಗಡೆ ಹೂ ಬಿದ್ದರೆ ತಗೊಂಡು ಹೋಗಬಹುದು. ಎಡಗಡೇದು ಬಿದ್ದರೆ ಇಲ್ಲ.

ಅಪ್ಪ ಹೊಸ ಎಲ್‌ಇಡಿ ಲೈಟಿನ ಡಬ್ಬ ಮುಂದಿಟ್ಟು ಕೈ ಮುಗಿದರು. "ತಾಯೀ, ಇದು ಅದಕ್ಕಿಂತ ಜಾಸ್ತಿ ಬೆಳಕು ಕೊಡ್ತದೆ. ಎರಡು ವರ್ಷ ವಾರಂಟೀನೂ ಐತೆ."

"ವಾರಂಟಿ ಯಾರ ಹೆಸ್ರಲ್ಲಿ?" ಪೂಜಾರಪ್ಪ ಕೇಳಿದರು.

ಹೂ ಅಲುಗಲಿಲ್ಲ. ಹತ್ತು ನಿಮಿಷ ಆಯಿತು. ಅಪ್ಪ ನನಗೆ ಕಣ್ಸನ್ನೆ ಮಾಡಿದರು. ನಾನು ಮೆಲ್ಲಗೆ ಗೋಡೆ ಕಡೆ ಸರಿದು ಸ್ವಿಚ್ ಒತ್ತಿದೆ.

"ಫ್ಯಾನ್ ಆಫ್ ಮಾಡಮ್ಮಾ," ಅಂದರು ಪೂಜಾರಪ್ಪ, ತಿರುಗಿಯೂ ನೋಡದೆ.

ಆಗ ತಾತ ಕೋಲು ಊರಿಕೊಂಡು ಮುಂದೆ ಬಂದರು. ಅವರು ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ಅವತ್ತಿನವರೆಗೂ ನೋಡಿರಲಿಲ್ಲ. ಕೋಲನ್ನು ನನ್ನ ಕೈಗೆ ಕೊಟ್ಟು ಕೈ ಮುಗಿದರು.

"ಅಮ್ಮಾ, ಪೂರ್ತಿ ಬೇಡ. ಒಂದು ದಿನಕ್ಕೆ ಕೊಡು ಸಾಕು. ಏರಿ ಮೇಲೆ ಒಂದೇ ಒಂದು ರೌಂಡು. ಬಂದ ತಕ್ಷಣ ವಾಪಸ್ ಹಾಕ್ತೀನಿ." ಹೂ ಅಲುಗಲಿಲ್ಲ. ತಾತ ಇನ್ನೂ ಸ್ವಲ್ಪ ಹತ್ತಿರ ಹೋಗಿ ದನಿ ತಗ್ಗಿಸಿದರು. "ನಂಬಿಕೆ ಇಲ್ಲ ಅಂದ್ರೆ ನೀನೂ ಬಂದ್ಬಿಡು. ನಾನು ಮುಂದಕ್ಕೆ ಜರುಗಿ ಕೂತ್ಕೋತೀನಿ. ಮೂರು ಜನ ಹೋಗ್ಬೋದು, ನಮ್ಮೂರಲ್ಲಿ ಯಾರೂ ಹಿಡಿಯಲ್ಲ."

ಬಲಗಡೆ ಹೂ ಒಂದು ಚೂರು ಜಾರಿತು. ನಾಲ್ಕೂ ಜನ ಬಗ್ಗಿ ನೋಡಿದೆವು. ಹೂ ಅಲ್ಲೇ ನಿಂತಿತು. "ಅಮ್ಮ ಇನ್ನೂ ಯೋಚ್ನೆ ಮಾಡ್ತಿದ್ದಾಳೆ," ಅಂದರು ಪೂಜಾರಪ್ಪ.