ಬಾದಾಮಿ ಮರವಾದ ತಿರ್ಜಾ ಟೀಚರ್

ಈ ಸಲದ ಯೆಹೂದಿಗಳ ತು ಬಿಶ್ವಾತ್ ಹಬ್ಬವನ್ನು ಯೆರುಹಾಮ್ ಊರು ಹತ್ತು ವರ್ಷ ನೆನೆಯುವಂತೆ ಮಾಡಿ ತೋರಿಸುತ್ತೇನೆಂದು ತಿರ್ಜಾ ಟೀಚರ್ ಪಣ ತೊಟ್ಟರು. ಮರಗಳ ಈ ಹುಟ್ಟುಹಬ್ಬವೆಂದರೆ ಮಕ್ಕಳಿಗೆ ನಾಲ್ಕು ಒಣ ಅಂಜೂರ, ಎರಡು ಖರ್ಜೂರ ಕೊಟ್ಟು, ಮರದ ಚಿತ್ರಕ್ಕೆ ಬಣ್ಣ ಹಚ್ಚಿಸಿ ಕಳಿಸುವುದು ಉಳಿದ ಟೀಚರುಗಳ ಪದ್ಧತಿ. ತಿರ್ಜಾ ಹಾಗಲ್ಲ, ಹೈಫಾದಂಥ ದೊಡ್ಡ ನಗರದಲ್ಲಿ ಹದಿನೆಂಟು ವರ್ಷ ಪಾಠ ಹೇಳಿದವರು. ವಿಚ್ಛೇದನವಾದ ಮೇಲೆ ಎರಡು ಸೂಟ್‌ಕೇಸ್ ಹಿಡಿದು ಈ ಮರುಭೂಮಿಯ ಊರಿಗೆ ಬಂದು ಐದು ತಿಂಗಳಾಗಿತ್ತು. ಈವರೆಗೆ ಅವರ ಮನೆಯ ಬಾಗಿಲು ತಟ್ಟಿದವನು ಗ್ಯಾಸಿನವನೊಬ್ಬನೇ, ಅದೂ ಪಕ್ಕದ ಮನೆಯೆಂದು ತಿಳಿದು.

ಉಪಾಯವೇನೋ ಭರ್ಜರಿಯಾಗಿತ್ತು. ಈ ಹಬ್ಬದ ಹೊತ್ತಿಗೇ ಹೂಬಿಡುವ ಬಾದಾಮಿ ಮರ ಸ್ವತಃ ಟೀಚರೇ ಆಗುವುದು. ಗೋಣಿಚೀಲ ಹೊಲಿದು ನಿಲುವಂಗಿ ಮಾಡಿಕೊಂಡರು. ಗೋಡೆಯ ಮೇಲೆ ಕಾಗದದ ಕೊಂಬೆ ಹರಡಿ, ಅದಕ್ಕೆ ಬೆನ್ನು ಕೊಟ್ಟು, ಎರಡೂ ತೋಳು ಚಾಚಿ ನಿಂತರು. ಎರಡನೇ ತರಗತಿಯ ಇಪ್ಪತ್ತಾರು ಮಕ್ಕಳು ಒಬ್ಬೊಬ್ಬರಾಗಿ ಬಂದು ಗುಲಾಬಿ ಕಾಗದದ ಹೂವು ಅಂಟಿಸಿ, ಮರದ ಕಿವಿಯಲ್ಲಿ ಒಂದು ಮಾತು ಹೇಳಬೇಕು.

“ಮರ ಉತ್ತರ ಕೊಡುತ್ತಾ?” ಎಂದಳು ಮುಂದಿನ ಸಾಲಿನ ಚೂಟಿ ಹುಡುಗಿ ಹೊದಾಯಾ.

“ಇಲ್ಲ. ಮರ ಸುಮ್ನೆ ಕೇಳಿಸ್ಕೊಳ್ಳುತ್ತೆ, ಅಷ್ಟೆ.”

ಶಾಲೆಯ ಗೋಂದು ಮುಗಿದಿತ್ತು. ಕಸ ಗುಡಿಸುವ ಮಸೂದಾರ ಬೀರುವಿನಲ್ಲಿ ಒಂದು ಡಬ್ಬಿ ಬಿಳಿ ಅಂಟು ಸಿಕ್ಕಿತ್ತು. ಮುರಿದ ಮೇಜು ಕೂಡಿಸುವ, ಬೇಗ ಒಣಗುವ ಬಡಗಿಯ ಅಂಟು ಅದೆಂದು ತಿರ್ಜಾರಿಗೇನು ಗೊತ್ತು? ಮಕ್ಕಳು ಧಾರಾಳವಾಗಿ ಬಳಿದರು. ಗೋಣಿಗೆ ಬಳಿದರು, ಜಡೆಗೆ ಬಳಿದರು, ಉಳಿದದ್ದನ್ನು ಗೋಡೆಗೆ ಬಳಿದರು.

“ನಂಗೊಂದು ನಾಯಿಮರಿ ಕೊಡು,” ಎಂದಿತು ಒಂದು ಮಗು.

“ನನ್ ತಮ್ಮನ್ನ ವಾಪಸ್ ಕಳ್ಸೋಕಾಗುತ್ತಾ?” ಎಂದಿತು ಇನ್ನೊಂದು.

ಕೊನೆಗೆ ಹೊದಾಯಾ ಬಂದಳು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದಳು. “ಮರವೇ, ನಮ್ ಟೀಚರ್ ದಿನಾ ಗೋಡೆ ಕಡೆ ಮುಖ ಮಾಡ್ಕೊಂಡು ಒಬ್ರೇ ಊಟ ಮಾಡ್ತಾರೆ. ಅವ್ರಿಗೆ ಯಾರು ಶಿಕ್ಷೆ ಕೊಟ್ಟಿದ್ದು?”

ಮರ ಕೇಳಿಸಿಕೊಂಡಿತು, ಅಷ್ಟೆ.

ಅಷ್ಟರಲ್ಲಿ ಸಸಿಗಳ ಗಾಡಿ ಬಂತೆಂದು ಯಾರೋ ಕೂಗಿದರು. ಮಕ್ಕಳೆಲ್ಲ ಅಂಗಳಕ್ಕೆ ಓಡಿದರು. ತಿರ್ಜಾ ಹೆಜ್ಜೆ ಎತ್ತಿದರೆ ಗೋಡೆ ಬಿಡಲೊಲ್ಲದು. ಗೋಣಿ ಹೋದರೆ ಹೋಗಲಿ ಎಂದು ಜಗ್ಗಿದರೆ ಜಡೆ ಜೀವ ತೆಗೆಯಿತು. ಕೂಗಿ ಕರೆಯಲು ನಾಚಿಕೆ. ಯಾರಾದರೂ ಹುಡುಕಿಕೊಂಡು ಬಂದೇ ಬರುತ್ತಾರೆಂದು ಕಾದರು. ಕಿಟಕಿಯಾಚೆ ಹೆಡ್‌ಮಿಸ್ಟ್ರೆಸ್ ಎಣಿಸುವುದು ಕೇಳಿಸಿತು. “ಇಪ್ಪತ್ತೈದು, ಇಪ್ಪತ್ತಾರು. ಎಲ್ರೂ ಬಂದ್ರು, ಶುರು ಮಾಡಿ.” ಟೀಚರುಗಳನ್ನು ಎಣಿಸುವ ಪದ್ಧತಿ ಯಾವ ಶಾಲೆಯಲ್ಲೂ ಇಲ್ಲ.

ಗುಂಡಿ ತೋಡಿದ ಸದ್ದು, ಹಾಡು, ಚಪ್ಪಾಳೆ ಎಲ್ಲ ಮುಗಿಯಿತು. ಹೆಡ್‌ಮಿಸ್ಟ್ರೆಸ್ ಯಾರಿಗೋ ಹೇಳುತ್ತಿದ್ದರು: “ತಿರ್ಜಾನಾ? ಮನೆಗೆ ಹೋಗಿರ್ಬೇಕು. ಅವ್ರು ಯಾವತ್ತೂ ನಿಲ್ಲಲ್ಲ.” ಬಾದಾಮಿ ಮರದ ಕಣ್ಣಿಂದ ಎರಡು ಹನಿ ಇಳಿದವು. ಒರೆಸಿಕೊಳ್ಳೋಣವೆಂದರೆ ಗೋಣಿಯ ತೋಳು ಗೋಡೆಗೆ ಅಂಟಿತ್ತು.

ಮುಕ್ಕಾಲು ಗಂಟೆಯ ಮೇಲೆ ಪೊರಕೆ ಹಿಡಿದು ಬಂದ ಮಸೂದಾ ಬಾಗಿಲಲ್ಲೇ ನಿಂತರು. ಮೊರಾಕೊದಿಂದ ಬಂದ ಮನೆತನದ ಗಟ್ಟಿ ಮುದುಕಿ.

“ಇದ್ಯಾಕೆ ಹೀಗೆ ನಿಂತಿದೀಯ ಮಗಳೇ?”

“ಅಂಟ್ಕೊಂಡಿದೀನಿ.”

ಮಸೂದಾ ಪೊರಕೆಗೆ ಒರಗಿ ಹೊಟ್ಟೆ ಹಿಡಿದು ನಕ್ಕರು. “ಇಷ್ಟೊತ್ತು ಯಾರೂ ಹುಡುಕ್ಲಿಲ್ವಾ?”

“ಇಲ್ಲ.”

ಮಸೂದಾರ ನಗು ನಿಂತಿತು. ಕತ್ತರಿ ತಂದು ಗೋಣಿ ಸೀಳಿದರು, ಜಡೆಯನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದರು. ಉಳಿದ ಕೂದಲಿಗೆ ಆಲಿವ್ ಎಣ್ಣೆ ಹಚ್ಚಿ ನಿಧಾನವಾಗಿ ಬಿಡಿಸತೊಡಗಿದರು. ಐದು ತಿಂಗಳಲ್ಲಿ ತಿರ್ಜಾರ ತಲೆಯ ಮೇಲೆ ದೊಡ್ಡವರೊಬ್ಬರ ಕೈ ಬಿದ್ದದ್ದು ಅದೇ ಮೊದಲು. ಇನ್ನೂ ಸ್ವಲ್ಪ ಅಂಟಿದ್ದರೆ ಚೆನ್ನಾಗಿರುತ್ತಿತ್ತು ಎಂದು ಅವರಿಗೆ ಅನ್ನಿಸಿತು.

“ಈ ತಲೆ ಇಟ್ಕೊಂಡು ಓಡಾಡೋಕಾಗಲ್ಲ. ನನ್ನ ಸೊಸೆ ಕೂದ್ಲು ಕತ್ತರಿಸ್ತಾಳೆ. ಶುಕ್ರವಾರ ಮಧ್ಯಾಹ್ನವೇ ಬಾ, ಸಂಜೆ ಮನೆಯವ್ರೆಲ್ಲ ಕೂತು ಮಾಡೋ ಸಬ್ಬತ್ ಊಟ ಅಲ್ಲೇ. ಮೀನು ಮಾಡ್ತೀನಿ.”

“ಇಲ್ಲ, ಶುಕ್ರವಾರ ನಂಗೆ ಸ್ವಲ್ಪ ಕೆಲಸ...” ಎಂದು ತಿರ್ಜಾರ ಬಾಯಿ ಅಭ್ಯಾಸಬಲದಿಂದ ಶುರು ಮಾಡಿತು.

ಮಸೂದಾ ತಿರ್ಜಾರ ಹಣೆಗಂಟಿದ್ದ ಕೊನೆಯ ಕಾಗದದ ಹೂವನ್ನು ಕಿತ್ತು ಕೈಗಿಟ್ಟರು.

“ಮರಕ್ಕೆ ಶುಕ್ರವಾರ ಏನು ಕೆಲಸ ಮಗಳೇ?”